ಸತುವಿನಿಂದ ತಾಮ್ರಕ್ಕೆ ಹೋಗುವ ಬಸ್ಸು

ಮೇ ಕೊನೆಯ ವಾರ ತವರಿಗೆ ಹೋದರೆ ಮನೆಯ ಹೊಸ್ತಿಲಿಗಿಂತ ಮೊದಲು ಮೈಲುತುತ್ತದ ಚೀಲ ಕಣ್ಣಿಗೆ ಬೀಳುತ್ತದೆ. ತೀರ್ಥಹಳ್ಳಿಯಿಂದ ಒಳಗೆ, ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಊರು ನಮ್ಮದು. ಮಳೆ ಹಿಡಿಯುವ ಮೊದಲು ಅಡಿಕೆಗೆ ಒಂದು ಸುತ್ತು ಔಷಧಿ ಹೊಡೆದು ಮುಗಿಸಬೇಕು. ಇಲ್ಲದಿದ್ದರೆ ಆಷಾಢದಲ್ಲಿ ಕೊಳೆ ಬಂದು ಎಳೆಗಾಯಿಗಳೆಲ್ಲ ಮರದ ಬುಡದಲ್ಲಿ ಹಾಸಿಕೊಂಡು ಬಿದ್ದಿರುತ್ತವೆ. ಈ ವರ್ಷ ನಾನು ಹೋದ ದಿನ ಅಣ್ಣ ಅಂಗಳದಲ್ಲಿ ಡ್ರಮ್ಮುಗಳನ್ನು ತೊಳೆಸುತ್ತಿದ್ದ. ಜಗುಲಿಯಲ್ಲಿ ಅವನ ಮಗ ಪುಸ್ತಕ ಹಿಡಿದು ಕೂತಿದ್ದ. ದ್ವಿತೀಯ ಪಿಯುಸಿ, ಕಾಲೇಜು ಬಾಗಿಲು ತೆರೆಯುವ ಮೊದಲೇ ಟ್ಯೂಷನ್ ಶುರುವಾಗಿದೆ.

"ಅತ್ತೆ, ನನಗೆ 2.36 ಬರುತ್ತದೆ, ಇಲ್ಲಿ 1.56 ಎಂದಿದೆ. ಪುಸ್ತಕವೇ ತಪ್ಪಿರಬಹುದೇ?"

ಪುಸ್ತಕ ತಪ್ಪಿರಬಹುದೇ ಎಂದು ಕೇಳುವ ಹುಡುಗರು ನನಗೆ ಇಷ್ಟ. ಶಿವಮೊಗ್ಗದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಹಾಗೆ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಉಳಿದವರು ಪುಸ್ತಕದ ಉತ್ತರ ಬರುವ ತನಕ ಕೂಡುವುದನ್ನು ಕಳೆದು, ಕಳೆಯುವುದನ್ನು ಕೂಡಿ, ಬಂದ ಕೂಡಲೇ ಕೆಳಗೆ ಎರಡು ಗೆರೆ ಎಳೆದು ಮುಂದೆ ಹೋಗುತ್ತಾರೆ. ನಾನೂ ಹಾಗೆಯೇ ಪಾಸಾದವಳು.

ಈ ಕೋಶ, ಅಂದರೆ ಬ್ಯಾಟರಿಯಂಥ ಜೋಡಣೆ, ಎಷ್ಟು ವೋಲ್ಟ್ ಕೊಡುತ್ತದೆ ಎಂಬುದು ಅವನ ಲೆಕ್ಕ:

ಸತು | ಸತು²⁺ || ಬೆಳ್ಳಿ⁺ | ಬೆಳ್ಳಿ

ಪುಸ್ತಕದಲ್ಲಿ ಇಂಗ್ಲಿಷ್ ಸಂಕೇತಗಳಲ್ಲಿತ್ತು. ಕನ್ನಡದಲ್ಲಿ ಬರೆದುಕೊಂಡವಳು ನಾನು. ಈ ಅಭ್ಯಾಸ ನನಗೆ ತಡವಾಗಿ ಹತ್ತಿತು. ಇಂಗ್ಲಿಷ್ ಅಕ್ಷರಗಳಲ್ಲಿ ಇದು ವಾಹನದ ನಂಬರ್ ಪ್ಲೇಟಿನ ಹಾಗೆ ಕಾಣುತ್ತಿತ್ತು. ಕನ್ನಡದಲ್ಲಿ ಬರೆದ ದಿನ ಇದೊಂದು ವಾಕ್ಯ, ವಿಭಕ್ತಿ ಪ್ರತ್ಯಯ ಮಾತ್ರ ಬಿಟ್ಟುಹೋಗಿದೆ ಎಂದು ಹೊಳೆಯಿತು. ಉ, ಅನ್ನು, ಇಂದ, ಗೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಅದರಲ್ಲಿ ಎರಡು ಸಾಕು. ಎಡತುದಿಯ ಲೋಹಕ್ಕೆ 'ಇಂದ' ಹಚ್ಚಿ, ಬಲತುದಿಯ ಲೋಹಕ್ಕೆ 'ಗೆ' ಹಚ್ಚಿ: ಸತುವಿನಿಂದ ಬೆಳ್ಳಿಗೆ. ಹೋಗುವುದು ಎಲೆಕ್ಟ್ರಾನು, ದಾರಿ ಹೊರಗಿನ ತಂತಿ. ಒಂಟಿ ಗೆರೆ ಎಂದರೆ ಅಲ್ಲಿ ಘನ ಮುಗಿದು ದ್ರಾವಣ ಶುರುವಾಗುತ್ತದೆ ಎಂದು. ಜೋಡಿ ಗೆರೆ ಎರಡು ಪಾತ್ರೆಗಳ ನಡುವಿನ ಲವಣ ಸೇತುವೆ. ಒಂದೇ ದ್ರಾವಣದಲ್ಲಿ ಇಬ್ಬರಿದ್ದರೆ ನಡುವೆ ಅಲ್ಪವಿರಾಮ.

ಎರಡು ತುದಿಗಳಲ್ಲಿ ನಡೆಯುವ ಅರ್ಧಕ್ರಿಯೆಗಳನ್ನು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಿಲ್ಲ. ಬರೆದ ಸಾಲನ್ನು ಬರೆದ ಕ್ರಮದಲ್ಲೇ ಓದಿದರೆ ಆಯಿತು. ಎಡಗಡೆ ಸತು ಮೊದಲು, ಅದರ ಅಯಾನು (ವಿದ್ಯುದಂಶ ಹೊತ್ತ ಕಣ) ಆಮೇಲೆ. ಅಂದರೆ ಸತು ಕರಗಿ ಅಯಾನಾಗುತ್ತದೆ. ಬಲಗಡೆ ಅಯಾನು ಮೊದಲು, ಬೆಳ್ಳಿ ಆಮೇಲೆ. ಅಯಾನು ಹೋಗಿ ಲೋಹವಾಗಿ ಕೂರುತ್ತದೆ. ಲೆಕ್ಕ ಸರಿದೂಗಲು ಎಲೆಕ್ಟ್ರಾನುಗಳನ್ನು ನಾವು ಸೇರಿಸಬೇಕು:

ಸತು → ಸತು²⁺ + 2 ಎಲೆಕ್ಟ್ರಾನು
ಬೆಳ್ಳಿ⁺ + 1 ಎಲೆಕ್ಟ್ರಾನು → ಬೆಳ್ಳಿ

ಎಡಗಡೆಯದು ಎಲೆಕ್ಟ್ರಾನು ಬಿಡುವ ಉತ್ಕರ್ಷಣ, ಆ ತುದಿ ಆನೋಡ್. ಬಲಗಡೆಯದು ಎಲೆಕ್ಟ್ರಾನು ಪಡೆಯುವ ಅಪಕರ್ಷಣ, ಆ ತುದಿ ಕ್ಯಾಥೋಡ್. ಇಷ್ಟರವರೆಗೆ ಹುಡುಗ ಸರಿಯಾಗಿ ಬಂದಿದ್ದ. ಸತು ಎರಡು ಬಿಡುತ್ತದೆ, ಬೆಳ್ಳಿ ಒಂದೇ ತೆಗೆದುಕೊಳ್ಳುತ್ತದೆ. ಹಾಗಾಗಿ ಬೆಳ್ಳಿಯ ಸಾಲನ್ನು ಎರಡರಿಂದ ಗುಣಿಸಿದ. ಅದೂ ಸರಿ. ಆಮೇಲೆ ಬೆಳ್ಳಿಯ ವಿಭವವನ್ನೂ, ಅಂದರೆ ಪುಸ್ತಕದ ಪಟ್ಟಿಯಲ್ಲಿ ಅದಕ್ಕೆ ಕೊಟ್ಟ ವೋಲ್ಟನ್ನೂ, ಎರಡರಿಂದ ಗುಣಿಸಿಬಿಟ್ಟ. 0.80 ಹೋಗಿ 1.60 ಆಯಿತು, ಸತುವಿನ 0.76 ಸೇರಿ 2.36. ತಪ್ಪು ಅಲ್ಲಿತ್ತು.

"ಎಲ್ಲವನ್ನೂ ಗುಣಿಸಿದ ಮೇಲೆ ಅದನ್ನೊಂದು ಯಾಕೆ ಬಿಡಬೇಕು?" ಎಂದ. ನ್ಯಾಯವಾದ ಪ್ರಶ್ನೆ. ನಮ್ಮ ಮೇಷ್ಟ್ರು ಇದಕ್ಕೆ "ಗುಣಿಸಬಾರದು, ಅಷ್ಟೇ" ಎಂದು ಹೇಳಿ ಸೂತ್ರಕ್ಕೆ ಚೌಕಟ್ಟು ಹಾಕಿದ್ದರು. ನಾನು ಅವನಿಗೆ ಜೋಗವನ್ನು ನೆನಪಿಸಿದೆ. ಮಳೆಗಾಲದಲ್ಲಿ ಶರಾವತಿ ತುಂಬಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಂಜಿನಲ್ಲಿ ಕಲೆತುಹೋಗಿರುವಾಗ ನೀರು ಬೀಳುವುದು 253 ಮೀಟರ್. ಬೇಸಿಗೆಯಲ್ಲಿ ಬಂಡೆಯ ಮೇಲೆ ಎರಡು ಬಿಳಿ ಎಳೆ ಇಳಿಯುವಾಗಲೂ 253 ಮೀಟರೇ. ನೀರು ಇಮ್ಮಡಿಯಾಯಿತೆಂದು ಗುಂಡಿ ಇಮ್ಮಡಿ ಆಳವಾಗುವುದಿಲ್ಲ. ವೋಲ್ಟ್ ಎನ್ನುವುದು ಬೀಳುವ ಎತ್ತರ, ಎಲೆಕ್ಟ್ರಾನುಗಳ ಸಂಖ್ಯೆ ಬೀಳುವ ನೀರು. ಎರಡನ್ನೂ ಕೂಡಿಸಿ ನೋಡಬೇಕಾದದ್ದು ಎಷ್ಟು ಕೆಲಸವಾಗುತ್ತದೆ ಎನ್ನುವಾಗ. 1948ರಲ್ಲಿ ಶರಾವತಿಯ ನೀರಿನಿಂದ ವಿದ್ಯುತ್ ತೆಗೆಯಲು ಶುರುಮಾಡಿದ ಆ ಹಳೆಯ ವಿದ್ಯುದಾಗಾರಕ್ಕೆ ಎತ್ತರವೂ ಬೇಕು, ನೀರೂ ಬೇಕು. ಕೋಶಕ್ಕೂ ಹಾಗೆಯೇ: ಎಲೆಕ್ಟ್ರಾನುಗಳ ಸಂಖ್ಯೆ, 96,485 ಎಂಬ ಫ್ಯಾರಡೆಯ ಸ್ಥಿರಾಂಕ, ವೋಲ್ಟ್, ಈ ಮೂರನ್ನು ಗುಣಿಸಿದರೆ ಸಿಗುವುದು ಶಕ್ತಿ. ಎರಡರಿಂದ ಗುಣಿಸುವ ಜಾಗ ಅಲ್ಲಿದೆ. ಹುಡುಗ ಅದನ್ನು ಒಂದು ಮೆಟ್ಟಿಲು ಮುಂಚೆ ಬಳಸಿದ್ದ.

ಪಟ್ಟಿಯಲ್ಲಿರುವ ಅಂಕಿಗಳೂ ಎತ್ತರಗಳೇ. ರೈಲು ನಿಲ್ದಾಣದ ಹಳದಿ ಹಲಗೆಯ ಮೇಲೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂದು ಸಣ್ಣಗೆ ಬರೆದಿರುತ್ತದಲ್ಲ, ಅದೇ ರೀತಿ ಇಲ್ಲಿ ಹೈಡ್ರೋಜನ್ ಇಲೆಕ್ಟ್ರೋಡನ್ನು ಸೊನ್ನೆ ಎಂದು ಒಪ್ಪಿಕೊಂಡು ಉಳಿದವನ್ನು ಅಳೆದಿದ್ದಾರೆ. ಸತು −0.76, ಕಬ್ಬಿಣ −0.44, ತಾಮ್ರ +0.34, ಬೆಳ್ಳಿ +0.80. (ಎಲೆಕ್ಟ್ರಾನಿಗೆ ಮಾತ್ರ ಋಣ ಎಂದರೆ ಎತ್ತರ, ಧನ ಎಂದರೆ ತಗ್ಗು. ಇದೊಂದು ತಲೆಕೆಳಗು ವ್ಯವಹಾರ. ಒಮ್ಮೆ ಒಪ್ಪಿಕೊಂಡರೆ ಮುಂದೆ ತೊಂದರೆ ಕೊಡುವುದಿಲ್ಲ.) ಎರಡು ಊರುಗಳ ನಡುವಿನ ಏರಿಳಿತ ಬೇಕಾದರೆ ಒಂದರಿಂದ ಇನ್ನೊಂದನ್ನು ಕಳೆಯುತ್ತೇವೆ. ಬಲದಿಂದ ಎಡವನ್ನು ಕಳೆಯಿರಿ. 0.80ರಿಂದ −0.76 ಕಳೆದರೆ 1.56.

ಈ ಕಳೆಯುವ ವಿಷಯದಲ್ಲಿ ನಾನೊಮ್ಮೆ ಚೆನ್ನಾಗಿ ಬಿದ್ದಿದ್ದೇನೆ. ಮನೆಯ ಅಟ್ಟದಲ್ಲಿ ದೊಡ್ಡಪ್ಪ ಓದಿದ್ದ ಹಳೆಯ ಪುಸ್ತಕವೊಂದಿತ್ತು. ಅದರಲ್ಲಿ ಸತುವಿಗೆ +0.76 ಎಂದು ಅಚ್ಚಾಗಿತ್ತು. ಪಿಯುಸಿಯಲ್ಲಿ ನಾನು ಅರ್ಧ ಅಂಕಿ ಅದರಿಂದ, ಅರ್ಧ ತರಗತಿಯ ಪುಸ್ತಕದಿಂದ ತೆಗೆದು, ಸತು-ತಾಮ್ರದ ಡೇನಿಯಲ್ ಕೋಶಕ್ಕೆ −0.42 ವೋಲ್ಟ್ ಎಂದು ಬರೆದು ಬಂದೆ. ಹಳೆಯ ಅಮೆರಿಕನ್ ಕ್ರಮದಲ್ಲಿ ಉತ್ಕರ್ಷಣದ ವಿಭವವನ್ನು ಬರೆಯುತ್ತಿದ್ದರು, ಚಿಹ್ನೆ ಉಲ್ಟಾ. 1953ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ರಸಾಯನಶಾಸ್ತ್ರಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಅಪಕರ್ಷಣದ ಕ್ರಮವನ್ನು ಗೊತ್ತುಮಾಡಿತು. ನಮ್ಮ ಅಟ್ಟಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಹುಡುಗ ಇನ್ನೊಂದು ಕೇಳಿದ. "ಎಡದಲ್ಲಿ ತಾಮ್ರ, ಬಲದಲ್ಲಿ ಸತು ಬರೆದುಕೊಟ್ಟರೆ? ಆಗ ತಾಮ್ರದಿಂದ ಸತುವಿಗೆ ಹೋಗುತ್ತದೆಯೇ?"

ತೀರ್ಥಹಳ್ಳಿ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಇದರ ಉತ್ತರ ಗೊತ್ತಿದೆ. ಖಾಸಗಿ ಬಸ್ಸಿನ ಹಲಗೆಯಲ್ಲಿ 'ಶಿವಮೊಗ್ಗ – ತೀರ್ಥಹಳ್ಳಿ' ಎಂದೇ ಇರುತ್ತದೆ, ಬಸ್ಸು ಮಾತ್ರ ಶಿವಮೊಗ್ಗಕ್ಕೆ ಹೊರಟಿರುತ್ತದೆ. ಹಲಗೆ ತಿರುಗಿಸಲು ಯಾರಿಗೆ ಪುರುಸೊತ್ತಿದೆ? ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು "ಶಿವಮೊಗ್ಗ, ಶಿವಮೊಗ್ಗ" ಎಂದು ಕೂಗಿದಾಗಲೇ ಖಾತ್ರಿ. ಕೋಶದ ಸಾಲು ಬಸ್ಸಿನ ಹಲಗೆ. ವಿಭವದ ಚಿಹ್ನೆ ಕಂಡಕ್ಟರ್. ತಾಮ್ರ | ತಾಮ್ರ²⁺ || ಸತು²⁺ | ಸತು ಎಂದು ಬರೆದರೆ ಬಲದಿಂದ ಎಡ ಕಳೆದು −1.10 ಬರುತ್ತದೆ. ಹಲಗೆಯಲ್ಲಿ ಬರೆದ ದಿಕ್ಕಿಗೆ ಬಸ್ಸು ತಾನಾಗಿ ಹೋಗುವುದಿಲ್ಲ, ಎದುರು ದಿಕ್ಕಿಗೆ ಹೋಗುತ್ತದೆ ಎಂದು ಆ ಋಣಚಿಹ್ನೆ ಕೂಗುತ್ತಿದೆ. ಪರೀಕ್ಷೆಯಲ್ಲಿ ಮಕ್ಕಳು ಋಣ ಕಂಡರೆ ಗಾಬರಿಯಾಗಿ ಅಳಿಸಿ ಧನ ಮಾಡುತ್ತಾರೆ. ಬರೆದ ಸಾಲಿಗೆ ಬಂದ ಉತ್ತರವನ್ನು ಹಾಗೆಯೇ ಬಿಡಬೇಕು.

ಬಾಯಲ್ಲಿ ಹೇಳಿದ್ದು ಸಾಕೆನಿಸಿ ಸಾಮಾನು ಹುಡುಕಲು ಹೊರಟೆವು. ಅಡಿಕೆ ಬೆಳೆಗಾರನ ಕೊಟ್ಟಿಗೆಯಲ್ಲಿ ಡೇನಿಯಲ್ ಕೋಶಕ್ಕೆ ಬೇಕಾದದ್ದೆಲ್ಲ ಇರುತ್ತದೆ ಎಂದು ನನಗೂ ಆವತ್ತೇ ಗೊತ್ತಾದದ್ದು. 1836ರಲ್ಲಿ ಲಂಡನ್ನಿನ ಜಾನ್ ಫ್ರೆಡರಿಕ್ ಡೇನಿಯಲ್ ಕಟ್ಟಿದ ಕೋಶಕ್ಕೆ ಬೇಕಾದದ್ದು ತಾಮ್ರ, ತಾಮ್ರದ ಸಲ್ಫೇಟು, ಸತು. ತಾಮ್ರದ ಸಲ್ಫೇಟೇ ನಮ್ಮ ಮೈಲುತುತ್ತ. ಗಿಡಕ್ಕೆ ಹಾಕಲು ತಂದ ಜಿಂಕ್ ಸಲ್ಫೇಟ್ ಗೊಬ್ಬರದ ಮೂಲೆಯಲ್ಲಿತ್ತು. ಹಳೆಯ ಟಾರ್ಚಿನ ಸೆಲ್ಲನ್ನು ಸೀಳಿ ಸತುವಿನ ಕವಚ ತೆಗೆದೆವು, ವೈರಿನ ಪ್ಲಾಸ್ಟಿಕ್ ಸುಲಿದು ತಾಮ್ರ. ಅಮ್ಮನ ದೇವರಮನೆಯಿಂದ ಉದ್ದದ ಬತ್ತಿಯೊಂದನ್ನು ತಂದು ಉಪ್ಪುನೀರಿನಲ್ಲಿ ನೆನೆಸಿ ಎರಡು ಗಾಜಿನ ಲೋಟಗಳ ನಡುವೆ ಇಳಿಬಿಟ್ಟೆವು. ಅದೇ ಜೋಡಿ ಗೆರೆ. (ಬೆಳ್ಳಿಯ ಕೋಶಕ್ಕೆ ಈ ಉಪ್ಪು ನಡೆಯದು, ಬೆಳ್ಳಿ ಕ್ಲೋರೈಡಾಗಿ ಬೆಳ್ಳಗೆ ಗಸಿ ಕೂರುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಬೇಕು. ಇನ್ನು, ಮೈಲುತುತ್ತ ವಿಷ. ಆ ಲೋಟಗಳು ಮತ್ತೆ ಅಡುಗೆಮನೆಗೆ ಹೋಗಲಿಲ್ಲ.) ಪಂಪ್‌ಸೆಟ್ ರಿಪೇರಿಗೆಂದು ಅಣ್ಣ ಇಟ್ಟುಕೊಂಡ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಬಲದ ತಾಮ್ರಕ್ಕೆ, ಕಪ್ಪು ಕಡ್ಡಿಯನ್ನು ಎಡದ ಸತುವಿಗೆ ಮುಟ್ಟಿಸಿದೆವು.

1.06.

ಹುಡುಗ ಏನೂ ಮಾತಾಡಲಿಲ್ಲ. ಕಡ್ಡಿಗಳನ್ನು ತಾನಾಗಿಯೇ ಅದಲುಬದಲು ಮಾಡಿದ. −1.06. ಮತ್ತೆ ಬದಲಿಸಿದ. ಆಮೇಲೆ ಬತ್ತಿಯನ್ನು ಮೇಲೆತ್ತಿದ. ಅಂಕಿ ಬಿದ್ದುಹೋಗಿ ಸೊನ್ನೆಯ ಆಸುಪಾಸು ತಡವರಿಸಿತು. ಬತ್ತಿ ಇಳಿಸಿದ, ಮತ್ತೆ 1.06. ಸೇತುವೆಯ ಕೆಲಸವೇನೆಂದು ನಾನು ವರ್ಷಕ್ಕೆ ಮೂರು ಬ್ಯಾಚಿಗೆ ಹೇಳುತ್ತೇನೆ. ಒಂದು ಕಡೆ ಧನ ಅಯಾನು ಹೆಚ್ಚಿ, ಇನ್ನೊಂದು ಕಡೆ ಕಡಿಮೆಯಾಗಿ, ಅದನ್ನು ಸರಿದೂಗಿಸುವವರಿಲ್ಲದೆ ಕೆಲಸ ನಿಲ್ಲುತ್ತದೆ ಎಂದು. ಆ ಬತ್ತಿಯಿಂದ ತೊಟ್ಟಿಕ್ಕುತ್ತಿದ್ದ ಉಪ್ಪುನೀರನ್ನು ನೋಡುತ್ತಾ, ನಾನು ಇಷ್ಟು ವರ್ಷ ಒಮ್ಮೆಯೂ ಅದನ್ನು ಕೈಯಲ್ಲಿ ಎತ್ತಿ ನೋಡಿರಲಿಲ್ಲವಲ್ಲ ಎನಿಸಿತು.

ಆದರೆ ಡೇನಿಯಲ್ ಕೋಶ ನನ್ನ ಕಣ್ಣೆದುರು ಮೊದಲ ಸಲ ನಡೆದದ್ದು ಇಪ್ಪತ್ತೈದಕ್ಕೂ ಹೆಚ್ಚು ವರ್ಷದ ಹಿಂದೆ, ಇದೇ ಅಂಗಳದಲ್ಲಿ. ಆಗ ಒಂಬತ್ತನೆಯ ತರಗತಿ. ಅಪ್ಪಯ್ಯ ಮೈಲುತುತ್ತ ಕರಗಿಸಿಡು ಎಂದಿದ್ದರು. ಪ್ಲಾಸ್ಟಿಕ್ ಡ್ರಮ್ಮಿನ ತನಕ ಯಾರು ಹೋಗುತ್ತಾರೆಂದು ಕೈಗೆ ಸಿಕ್ಕ ಹೊಸ ತಗಡಿನ ಬಕೆಟ್ಟಿನಲ್ಲಿ ಕರಗಿಸಿದೆ. ತಗಡೆಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣ. ಸ್ವಲ್ಪ ಹೊತ್ತಿನಲ್ಲಿ ಬಕೆಟ್ಟಿನ ಹೊಳೆಯುವ ಒಳಮೈ ಕಾಡಿಗೆ ಬಳಿದಂತೆ ಕಪ್ಪಾಯಿತು. ಆಮೇಲೆ ಕಂದು ಚಕ್ಕೆಗಳು ಏಳತೊಡಗಿದವು, ನೀಲಿ ನೀರು ಸೋತು ತಿಳಿಯಾಯಿತು. ಸತು ಅಯಾನಾಗಿ ನೀರಿಗಿಳಿಯುತ್ತಿತ್ತು, ತಾಮ್ರ ನೀರಿನಿಂದ ಹೊರಬಂದು ತಗಡಿನ ಮೇಲೆ ಕೂರುತ್ತಿತ್ತು. 1.10 ವೋಲ್ಟ್, ತಂತಿ ಇಲ್ಲದೆ, ಬತ್ತಿ ಇಲ್ಲದೆ, ನೇರ ಕೈಯಿಂದ ಕೈಗೆ. ಅಪ್ಪಯ್ಯ ಬೈದದ್ದು ಬಕೆಟ್ಟಿಗಿಂತ ತುತ್ತಕ್ಕೆ. "ಔಷಧಿಯ ಸತ್ವವೆಲ್ಲ ಬಕೆಟ್ಟಿಗೆ ಹೋಯಿತು, ಇನ್ನು ಇದನ್ನು ಹೊಡೆದರೆಷ್ಟು ಬಿಟ್ಟರೆಷ್ಟು" ಎಂದು ಸುರಿಸಿದರು. ಮೂರು ವರ್ಷದ ಮೇಲೆ ಹಲಗೆಯ ಮೇಲೆ ಡೇನಿಯಲ್ ಕೋಶ ಬರೆದಾಗ ನನಗೆ ಆ ಬಕೆಟ್ಟು ನೆನಪಾಗಲಿಲ್ಲ. ಅದು ತೋಟದ ಕಥೆ, ಇದು ಪರೀಕ್ಷೆಯ ಪಾಠ ಎಂದು ಎರಡನ್ನೂ ಬೇರೆ ಬೇರೆ ಲೋಟದಲ್ಲಿಟ್ಟಿದ್ದೆ. ನಡುವೆ ಬತ್ತಿ ಹಾಕಿದವರಿಲ್ಲ.

ಅಡಿಕೆಗೆ ಹೊಡೆಯುವ ಆ ಔಷಧಿ, ಬೋರ್ಡೋ ದ್ರಾವಣ, ಮಾಡುವ ಕ್ರಮ ನಮ್ಮ ಕಡೆ ಎಲ್ಲರಿಗೂ ಗೊತ್ತು. ನೂರು ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಹೊಯ್ಯುತ್ತಾ ಕೋಲಿನಿಂದ ತಿರುಗಿಸುತ್ತಿರಬೇಕು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಯ ರೋಗಕ್ಕೆಂದು 1885ರಲ್ಲಿ ಮಿಲ್ಲಾರ್ಡೆ ಪ್ರಕಟಿಸಿದ ಈ ಪಾಕವನ್ನು ಅಡಿಕೆಯ ಕೊಳೆಗೆ ಹೇಳಿಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಕೆನಡಾದಿಂದ ಬಂದು ಮಲೆನಾಡಿನ ಮಳೆಯಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿದ ಮನುಷ್ಯ.

ಸುಣ್ಣ ಸಾಕಾಯಿತೇ ಎಂದು ನೋಡುವುದಕ್ಕೆ ಅಪ್ಪಯ್ಯನ ಹತ್ತಿರ ಇದ್ದದ್ದು ಕತ್ತಿ. ಚೆನ್ನಾಗಿ ಮಸೆದ ಕತ್ತಿಯ ಅಲಗನ್ನು ಡ್ರಮ್ಮಿನಲ್ಲಿ ಅದ್ದಿ, ಒಂದು ನಿಮಿಷ ಬಿಟ್ಟು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಅಲಗು ಕೆಂಪಡರಿದರೆ ಇನ್ನಷ್ಟು ಸುಣ್ಣ. ಬಿಳಿಯಾಗಿಯೇ ಇದ್ದರೆ ಪಂಪು ಹತ್ತಿಸಬಹುದು. ಸುಣ್ಣ ಸಾಲದಿದ್ದರೆ ತುತ್ತ ಬಿಡಿಯಾಗಿ ಉಳಿದು ಎಲೆ, ಕಾಯಿಗಳನ್ನು ಸುಡುತ್ತದೆ. ಈಗ ಆಮ್ಲ-ಕ್ಷಾರ ತೋರಿಸುವ ಪಿಹೆಚ್ ಕಾಗದ ಸಿಗುತ್ತದೆ. ಅಣ್ಣ ಇನ್ನೂ ಕತ್ತಿಯನ್ನೇ ಅದ್ದುತ್ತಾನೆ.

ಆ ಸಂಜೆ ಸುಣ್ಣ ಹಾಕುವ ಮುಂಚಿನ ತುತ್ತದ ನೀರಿನಲ್ಲಿ ಹುಡುಗ ಕತ್ತಿ ಅದ್ದಿದ. ಎತ್ತುವಾಗ ಅಂಚಿನಗುಂಟ ಹೊಸ ಒಂದು ರೂಪಾಯಿ ದಪ್ಪದ ಅಗಲಕ್ಕೆ ಗುಲಾಬಿ ಬಣ್ಣ. ಬೆರಳಿನಿಂದ ಒರೆಸಿದರೆ ಕೈಗೆ ಹತ್ತುವ ಕೆಂಪು. "ಹೇಳು," ಎಂದೆ. ಅವನು ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದ: ಕಬ್ಬಿಣ | ಕಬ್ಬಿಣ²⁺ || ತಾಮ್ರ²⁺ | ತಾಮ್ರ. "ಕಬ್ಬಿಣದಿಂದ ತಾಮ್ರಕ್ಕೆ. 0.34 ಕಳೆಯುವುದು −0.44. ಒಟ್ಟು 0.78." ಜೋಡಿ ಗೆರೆ ಇಲ್ಲಿ ಕಾಗದದ ಮೇಲೆ ಮಾತ್ರ ಇದೆ, ಕತ್ತಿಯ ಮೈಮೇಲೆ ಇಲ್ಲ ಎಂದು ನಾನು ಹೇಳುವ ಮೊದಲೇ ಅವನೇ ಹೇಳಿದ.

ಆಮೇಲೆ ಸುಣ್ಣ ಬೆರೆಸಿದ ಡ್ರಮ್ಮಿನಲ್ಲಿ ಅದ್ದಿದ. ಏನೂ ಇಲ್ಲ. ಆಕಾಶನೀಲಿಯ ಗಸಿ ಹತ್ತಿತು, ತೊಳೆದರೆ ಹೋಯಿತು, ಕೆಳಗೆ ಉಕ್ಕು ಹಾಗೆಯೇ ಇತ್ತು.

"ಯಾಕೆ?"

"ನರ್ನ್‌ಸ್ಟ್," ಎಂದೆ, ದೊಡ್ಡ ಪಂಡಿತೆಯಂತೆ. "ತಾಮ್ರದ ಅಯಾನೆಲ್ಲ ಸುಣ್ಣದೊಂದಿಗೆ ಗಸಿಯಾಯಿತು. ಸಾಂದ್ರತೆ ಬಿದ್ದರೆ ವಿಭವ ಬೀಳುತ್ತದೆ. ಬಸ್ಸು ನಿಂತಿತು."

ಒಪ್ಪಿಕೊಂಡು ಮಲಗಿದ. ನನಗೆ ನಿದ್ದೆ ಬರಲಿಲ್ಲ. ಹಂಚಿನ ಮೇಲೆ ಮೊದಲ ಮಳೆ ಸದ್ದು ಮಾಡುತ್ತಿತ್ತು, ಕರೆಂಟು ಹೋಗಿತ್ತು. ಮೊಬೈಲ್ ಬೆಳಕಿನಲ್ಲಿ ಲೆಕ್ಕಕ್ಕೆ ಕೂತೆ. ವಾಲ್ಥರ್ ನರ್ನ್‌ಸ್ಟ್ 1889ರಲ್ಲಿ ಕೊಟ್ಟ ಸಮೀಕರಣ 25 ಡಿಗ್ರಿಯಲ್ಲಿ ಹೇಳುವುದಿಷ್ಟು: ಸಾಂದ್ರತೆ ಹತ್ತು ಪಟ್ಟು ಇಳಿದರೆ, ಎರಡು ಎಲೆಕ್ಟ್ರಾನಿನ ವ್ಯವಹಾರದಲ್ಲಿ ವಿಭವ 0.0296 ವೋಲ್ಟ್ ಇಳಿಯುತ್ತದೆ. ಮಳೆಗಾಲದ ನಮ್ಮ ಜಗುಲಿ ಹೆಚ್ಚುಕಡಿಮೆ 25 ಡಿಗ್ರಿಯೇ, ಆ ತಕರಾರಿಲ್ಲ. ಲೀಟರಿಗೆ ಹತ್ತು ಗ್ರಾಮ್ ತುತ್ತ ಎಂದರೆ 0.04 ಮೋಲ್, ತಾಮ್ರದ ವಿಭವ 0.34ರಿಂದ 0.30ಕ್ಕೆ ಬರುತ್ತದೆ. ಸುಣ್ಣ ಬಿದ್ದ ಮೇಲೆ ಪಿಹೆಚ್ 8 ಎಂದಿಟ್ಟುಕೊಂಡು, ಗಸಿಯನ್ನು ಬರಿಯ ತಾಮ್ರದ ಹೈಡ್ರಾಕ್ಸೈಡ್ ಎಂದುಕೊಂಡರೆ, ನೀರಿನಲ್ಲಿ ಬಿಡಿಯಾಗಿ ಉಳಿಯುವ ತಾಮ್ರ ಲೀಟರಿಗೆ ಸುಮಾರು ಒಂದು ಮೋಲಿನ ಐದು ಕೋಟಿಯಲ್ಲೊಂದು ಪಾಲು. ಇಪ್ಪತ್ತು ಲಕ್ಷ ಪಟ್ಟು ಇಳಿಕೆ. ವಿಭವ? 0.30ರಿಂದ 0.11ಕ್ಕೆ. ಕಬ್ಬಿಣದ ಕಡೆಯ ಸಾಂದ್ರತೆಯನ್ನು ಒಂದು ಮೋಲ್ ಎಂದು ಕತ್ತಿಗೆ ಪ್ರತಿಕೂಲವಾಗಿಯೇ ಕಟ್ಟಿದರೂ ಕೋಶದ ವಿಭವ 0.55 ವೋಲ್ಟ್, ಧನ.

ಬಸ್ಸು ನಿಂತಿಲ್ಲ. ಕಂಡಕ್ಟರ್ ಇನ್ನೂ ಅದೇ ದಿಕ್ಕಿಗೆ ಕೂಗುತ್ತಿದ್ದಾನೆ.

ನಾನು ಹುಡುಗನಿಗೆ ಹೇಳಿದ್ದು ತಪ್ಪು. ಎಷ್ಟು ಬ್ಯಾಚಿಗೆ ಇದೇ ಧಾಟಿಯಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಇಪ್ಪತ್ತು ಲಕ್ಷ ಪಟ್ಟು ಕಳೆದುಕೊಂಡರೂ ಲಾಗರಿದಮ್ಮಿನ ಕೈಯಲ್ಲಿ ಅದು 0.19 ವೋಲ್ಟಿನ ನಷ್ಟ ಮಾತ್ರ. ಎತ್ತರ ಇದ್ದೇ ಇದೆ. ಇಲ್ಲದಿರುವುದು ನೀರು. ಸುಣ್ಣ ಹಾಕುವ ಮೊದಲು ಲೀಟರಿನಲ್ಲಿ ಎರಡೂವರೆ ಗ್ರಾಮ್ ತಾಮ್ರ ಕರಗಿತ್ತು, ಈಗಿರುವುದು ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು; ಅದಷ್ಟೂ ಕತ್ತಿಯ ಮೇಲೆ ಕೂತರೂ ಕಣ್ಣಿಗೆ ಕಾಣುವುದಿಲ್ಲ. ಬೇಸಿಗೆಯಲ್ಲಿ ಜೋಗಕ್ಕೆ ಹೋಗಿ ನಿಂತು ಬರಿಯ ಬಂಡೆ ನೋಡಿಕೊಂಡು ಬಂದ ಹಾಗೆ. ಬೆಳಿಗ್ಗೆ ಅವನಿಗೆ ಜೋಗದ ಉಪಮೆ ಕೊಟ್ಟವಳು ನಾನೇ, ಸಂಜೆಗೆ ಮರೆತವಳೂ ನಾನೇ. ವೋಲ್ಟ್ ದಿಕ್ಕನ್ನೂ ಎತ್ತರವನ್ನೂ ಹೇಳುತ್ತದೆ. ಎಷ್ಟು ಬೇಗ, ಎಷ್ಟು ಪ್ರಮಾಣ ಎಂದು ಅದನ್ನು ಕೇಳಿದರೆ ಅದಕ್ಕೇನು ಗೊತ್ತು?

ಬೆಳಿಗ್ಗೆ ಕಾಫಿ ಕುಡಿಯುವಾಗ ತಪ್ಪೊಪ್ಪಿಕೊಂಡೆ. ಹುಡುಗ ಲೆಕ್ಕವನ್ನು ಎರಡು ಸಲ ಓದಿದ. ಖುಷಿಯಾದದ್ದನ್ನು ಮರೆಮಾಚಲು ಪ್ರಯತ್ನಿಸಲಿಲ್ಲ.

"ಆದರೆ ಅತ್ತೆ, ಆ ಒಂದಿಷ್ಟು ತಾಮ್ರ ಕತ್ತಿಯ ಮೇಲೆ ಕೂತರೆ, ಗಸಿಯಿಂದ ಮತ್ತಷ್ಟು ಕರಗಿ ಆ ಜಾಗ ತುಂಬುವುದಿಲ್ಲವೇ? ಅದೂ ಕೂತರೆ ಮತ್ತಷ್ಟು? ಒಂದು ನಿಮಿಷಕ್ಕೆ ಕಾಣದೆ ಇರಬಹುದು. ಒಂದು ವಾರ ಬಿಟ್ಟರೆ?"

ಕ್ಷಾರದಲ್ಲಿ ಕಬ್ಬಿಣ ಮೈಮೇಲೆ ತೆಳುವಾದ ಪೊರೆ ಕಟ್ಟಿಕೊಂಡು ಸುಮ್ಮನಾಗುತ್ತದೆ, ಆದ್ದರಿಂದ ಬಿಡದೆಯೂ ಇರಬಹುದು ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಹಿಂದಿನ ದಿನ ಅವಸರದಲ್ಲಿ ಉತ್ತರ ಕೊಟ್ಟದ್ದು ಸಾಕಾಗಿತ್ತು. ಒಂದು ಹಳೆಯ ಪ್ಲಾಸ್ಟಿಕ್ ಬಕೆಟ್ಟಿಗೆ ಬೋರ್ಡೋ ತುಂಬಿಸಿ, ತೋಟದ ಕತ್ತಿಯನ್ನು ಅದರಲ್ಲಿ ಇಳಿಬಿಟ್ಟು, ಮೇಲೆ ಹಾಳೆ ಮುಚ್ಚಿ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟು ಬಂದೆವು.

ಇವತ್ತಿಗೆ ಐದನೆಯ ದಿನ. ನಾನು ಶಿವಮೊಗ್ಗಕ್ಕೆ ವಾಪಸು ಬಂದಿದ್ದೇನೆ. ಬೆಳಿಗ್ಗೆ ಅಣ್ಣ ಫೋನ್ ಮಾಡಿದ್ದ: ಎರಡು ದಿನದಿಂದ ಕತ್ತಿ ಕಾಣುತ್ತಿಲ್ಲ, ಕೆಲಸಕ್ಕೆ ಬಂದವರ ಮೇಲೆ ಅಮ್ಮ ಅನುಮಾನ ಪಡುತ್ತಿದ್ದಾಳೆ, ನೀನೇನಾದರೂ ನೋಡಿದೆಯಾ?